ಕಚ್ಛದ ನೀರುಗಂಟಿ

ಮುಂಬಯಿಯಿಂದ ಕರಾಚಿಗೆ ಹೊರಟ ನಮ್ಮ ಹಡಗು ಕಚ್ಛದ ಈ ಸಣ್ಣ ಬಂದರಿನಾಚೆ ಲಂಗರು ಹಾಕಿದೆ. ಕರಾಚಿಯಲ್ಲಿರುವ ಮಗಳ ಬಾಣಂತನಕ್ಕೆ ಹೊರಟ ಚಿಕ್ಕಮ್ಮ, ಊರು ನೋಡಲೇಬೇಕೆಂದು ಹಟ ಹಿಡಿದಳು. ದೋಣಿಯಲ್ಲಿ ಕರೆತಂದೆ, ಅದೇ ತಪ್ಪಾಯಿತು. ಊರು ಸುತ್ತಿ ಬಂದು ನೋಡಿದರೆ ದೋಣಿ ಕೆಸರಿನ ಮೇಲೆ ವಾಲಿಕೊಂಡು ಕೂತಿದೆ. ಬೆಳಿಗ್ಗೆ ನಾವು ಇಳಿದ ಕಡೆ ಪಾದ ಮುಳುಗುವಷ್ಟೂ ನೀರಿಲ್ಲ. ದೂರದಲ್ಲಿ ಹಡಗು ಒಂದು ಸಲ ಕೂಗಿತು.

ನಾನು ದಡದಲ್ಲಿ ಅತ್ತಿಂದಿತ್ತ ಓಡಾಡತೊಡಗಿದೆ. ಚಿಕ್ಕಮ್ಮ ಕೋಲಾರದ ಕಡೆಯ ದೇವರಾಯಸಮುದ್ರವೆಂಬ ಹಳ್ಳಿಯವಳು. ಅವಳ ಮಟ್ಟಿಗೆ ಸಮುದ್ರವೆಂದರೆ ಊರ ಕೆರೆ. ನೀರು ಖಾಲಿಯಾದರೆ ಅದಕ್ಕೊಬ್ಬ ಹೊಣೆಗಾರ ಇರಲೇಬೇಕು.

“ಯಾರೋ ಹೇಳ್ದೆ ಕೇಳ್ದೆ ತೂಬು ಎತ್ತಿಬಿಟ್ಟವ್ರೆ ಕಣೋ. ಇವರ ನೀರುಗಂಟಿ ಎಲ್ಲಿ, ಕೇಳು,” ಅಂದಳು.

“ಚಿಕ್ಕಮ್ಮ, ಇದು ಕೆರೆಯಲ್ಲ!” ಎಂದು ರೇಗಿದೆ.

“ಕೇಳೋ ಅಂದ್ರೆ!”

ಕೋಲಾರದ ಸಂತೆಯಲ್ಲಿ ಕಲಿತ ಮುರುಕು ಉರ್ದುವಿನಲ್ಲಿ ದೋಣಿಯವನನ್ನು ಕೇಳಿದೆ: ಇಲ್ಲಿ ನೀರು ಬಿಡುವವನು, ನಿಲ್ಲಿಸುವವನು ಯಾರು? ನಗುತ್ತಾನೆ ಅಂದುಕೊಂಡಿದ್ದೆ. ಅವನು ನಗಲಿಲ್ಲ. ಬಲೆ ಹೊಲಿಯುತ್ತಿದ್ದ ಕೈಯನ್ನೆತ್ತಿ, ಹಾಡಹಗಲಲ್ಲೇ ಮಸುಕಾಗಿ ಮೂಡಿದ್ದ ಚಂದ್ರನನ್ನು ತೋರಿಸಿದ.

ಚಿಕ್ಕಮ್ಮ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದಳು. ಹಡಗು ಎರಡನೇ ಸಲ ಕೂಗಿತು. ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕೆರೆ ಏರಿಯ ಮೇಲೆ ನಿಂತು ಕರೆಯುವ ದನಿಯಲ್ಲೇ ಆಕಾಶಕ್ಕೆ ಕೂಗಿದಳು:

“ಲೇ, ಹಡಗು ಹೋಗ್ತದೆ ಕಣೋ! ಮಗಳು ಕಾಯ್ತವ್ಳೆ, ನೀರು ಬಿಡೋ!”