ಅತ್ತೆ ಕೂತು ನೋಡಿದ ವ್ಯಾನು

ನಮ್ಮತ್ತೆ ಚಪ್ಪಲಿ ಕೆಳಗೆ ಬಿಟ್ಟು, ಮಾರಾಟಕ್ಕಿದ್ದ ಹಳೆಯ ವ್ಯಾನಿನ ಹಿಂದಿನ ಸೀಟಿನಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತೇಬಿಟ್ಟರು. ಕೆನಡಾದ ಬರ್ಲಿಂಗ್ಟನ್ನಿನ ಆ ಅಪರಿಚಿತರ ಮನೆ ಮುಂದೆ ನನಗೆ ನಾಚಿಕೆಯೋ ನಾಚಿಕೆ. ನಮ್ಮ ಯಜಮಾನರು ಮಾತ್ರ ಬಾನೆಟ್ ಎತ್ತಿ ಎಂಜಿನ್ ನೋಡುತ್ತಲೇ ಇದ್ದರು.

“ಬೆಳಿಗ್ಗೆ ನೋಡಿದ ಕಾರುಗಳಲ್ಲಿ ಕಾಲು ಮಡಚೋಕೇ ಆಗ್ಲಿಲ್ಲ. ಇದನ್ನೇ ತಗೊಳೋ, ಎರಡು ದಿನದ ದಾರಿಯಾದ್ರೂ ಹ್ಯಾಲಿಫ್ಯಾಕ್ಸ್‌ವರೆಗೂ ಆರಾಮಾಗಿ ಬರ್ತೀನಿ,” ಎಂದು ಅತ್ತೆ ಮಗನಿಗೆ ಕೂಗಿ ಹೇಳಿದರು.

ವ್ಯಾನು ಮಾರುತ್ತಿದ್ದ ಅಜ್ಜ ಬಗ್ಗಿ ನೋಡಿ ನಕ್ಕರು. “ತೀರಿಹೋದ ನನ್ನ ಹೆಂಡತಿಯೂ ವ್ಯಾಂಕೂವರ್‌ವರೆಗೆ ಹೀಗೇ ಕೂತಿದ್ದಳು,” ಎಂದು ಇಂಗ್ಲಿಷಿನಲ್ಲಿ ಹೇಳಿ, ಮನೆಯೊಳಗಿಂದ ಆಕೆಯ ದಿಂಬನ್ನು ತಂದು ಅತ್ತೆಗೆ ಕೊಟ್ಟರು.

ಆ ವ್ಯಾನನ್ನೇ ಕೊಂಡೆವು. ಅತ್ತೆ ದಿಂಬಿನ ಮೇಲೆ ಮಹಾರಾಣಿಯಂತೆ ಕುಳಿತು ಹ್ಯಾಲಿಫ್ಯಾಕ್ಸ್ ನೋಡಿ ಬಂದರು. ವ್ಯಾನು ಕೈಕೊಟ್ಟ ಮೇಲೆ ಮೊನ್ನೆ ಬೇರೆ ಕಾರು ನೋಡಲು ಹೋದಾಗ ಆ ದಿಂಬು ನನ್ನ ಕಂಕುಳಲ್ಲಿತ್ತು. ಯಜಮಾನರು ಬಾನೆಟ್ ಎತ್ತುವಷ್ಟರಲ್ಲಿ ನಾನು ಚಪ್ಪಲಿ ಬಿಟ್ಟಾಗಿತ್ತು.