ಜಾರುವ ಡ್ರಮ್‌ಗಳು

ವರ್ಷಗಟ್ಟಲೆ ಹಳೆಯ ಕನ್ನಡಕದಲ್ಲೇ ದೂಡಿದ್ದೆ. ಪವರ್ ಒಮ್ಮೆಲೇ ಏರಿತ್ತು. ಹೊಸತು ಹಾಕಿಕೊಂಡು ಅಂಗಡಿಯಿಂದ ಹೊರಬಂದು ತಲೆ ತಿರುಗಿಸಿದರೆ ಒಮಾನಿನ ಈ ಸಹಮ್ ಪೇಟೆಯ ಬೀದಿಯೇ ಒಂದು ಕಡೆಗೆ ಜಾರಿತು. ಮೋಸ ಹೋದೆ ಅನ್ನಿಸಿತು. ಬೀಡಿ ಕಟ್ಟಿಕೊಂಡೇ ಓದಿ, ನಮ್ಮ ಮನೆಯಲ್ಲಿ ಮೊದಲು ಡಿಗ್ರಿ ಮುಗಿಸಿದವಳು ನಾನು. ನನಗೆ ಟೋಪಿ ಹಾಕುವುದು ಸುಲಭವಲ್ಲ.

ಹಾಗೆಯೇ ಒಳಗೆ ಹೋದೆ. ಕಣ್ಣು ಪರೀಕ್ಷಿಸಿದವಳು ಉಡುಪಿ ಕಡೆಯ ಹುಡುಗಿ.

"ಪವರ್ ಸರಿ ಉಂಟು ಅಕ್ಕ. ನಿಮ್ಮ ತಲೆಗೆ ಇನ್ನೂ ಗೊತ್ತಾಗ್ಲಿಲ್ಲ, ಅಷ್ಟೆ."

"ನನ್ನ ತಲೆಗಾ? ನಾನು ಬಿ.ಎಸ್ಸಿ. ಮಾಡಿದವಳು!"

"ನಾನೂ ಓದಿಯೇ ಬಂದದ್ದಲ್ವಾ," ಎಂದು ನಕ್ಕು ವಿವರಿಸಿದಳು. ತಲೆ ಬಲಕ್ಕೆ ತಿರುಗಿದರೆ ಒಳಕಿವಿ ಸುಳಿವು ಕೊಡುತ್ತದೆ. ಕಣ್ಣು ತಾನಾಗಿ ಅಷ್ಟೇ ಎಡಕ್ಕೆ ಹೊರಳಿ ನೋಟವನ್ನು ಹಿಡಿದಿಡುತ್ತದೆ. ಗಾಜು ಬದಲಾದರೆ ಆ ಅಳತೆ ತಪ್ಪುತ್ತದೆ. ನೋಡಿದ್ದು ಜಾರುವುದನ್ನು ಕಂಡು ಕಂಡೇ ಮೆದುಳು ಹೊಸ ಅಳತೆ ಕಲಿಯಬೇಕು. "ಗೋಡೆಗೆ ಒಂದು ಅಕ್ಷರ ಅಂಟಿಸಿ. ಅದನ್ನೇ ನೋಡ್ತಾ ತಲೆ ಆಚೆ ಈಚೆ ಮಾಡಿ. ಹಳೇ ಕನ್ನಡಕ ಮುಟ್ಟಬೇಡಿ."

ವಾಪಸು ಕೊಡುವ ಅವಧಿ ಮುಗಿಯುವ ತನಕ ನನ್ನನ್ನು ತಲೆ ಆಡಿಸುತ್ತ ಕೂರಿಸುವ ಉಪಾಯ ಎಂದುಕೊಂಡೆ.

ಆದರೆ ಡ್ರೈವಿಂಗ್ ಟೆಸ್ಟ್ ಹತ್ತಿರ ಬಂದಿತ್ತು. ಲೈಸೆನ್ಸ್ ಸಿಕ್ಕಿದರೆ ಮಾತ್ರ ಪಕ್ಕದ ಊರು ಸೊಹಾರ್‌ನ ಶಾಲೆಯ ಕೆಲಸ ನನ್ನದು. ಮೈದಾನದಲ್ಲಿ ಸಾಲಾಗಿ ನಿಲ್ಲಿಸಿದ ಖಾಲಿ ಎಣ್ಣೆ ಡ್ರಮ್‌ಗಳ ನಡುವೆ ಕಾರನ್ನು ಹಿಂದಕ್ಕೆ ಓಡಿಸಬೇಕು, ತಾಗಿದರೆ ಮುಗಿಯಿತು. ಕಲಿಸುತ್ತಿದ್ದ ಒಮಾನಿ ಉಸ್ತಾದ "ಯಲ್ಲಾ, ಪೀಛೆ ದೇಖೋ!" ಎಂದಾಗ ಹಿಂದೆ ತಿರುಗಿ ನೋಡಿದರೆ ಡ್ರಮ್‌ಗಳೇ ಸರಿಯುತ್ತಿದ್ದವು. ಡ್ರಮ್ ಅಲ್ಲಾಡುತ್ತಿದೆ ಎಂದೆ.

"ಡ್ರಮ್ ನಹೀ ಹಿಲ್ತಾ. ಮದಾಮ್ ಹಿಲ್ತಾ!"

ಬೇರೆ ದಾರಿ ಕಾಣದೆ ಅಡುಗೆಮನೆಯ ಗೋಡೆಗೆ ಒಂದು 'ಅ' ಅಂಟಿಸಿದೆ. ಮೊದಮೊದಲು ವಾಕರಿಕೆ ಬರುತ್ತಿತ್ತು. ಗಂಡನಿಗೆ ತಮಾಷೆ: "ಎಂತ ಮಾರಾಯ್ತಿ, ಗೋಡೆ ಎಂತ ಕೇಳಿತು ಅಂತ ಹೀಗೆ ಬೇಡ ಬೇಡ ಅನ್ನುವುದು?"

ಹಳೆಯ ಕನ್ನಡಕವನ್ನು ಮಾತ್ರ ಬ್ಯಾಗಿನಲ್ಲಿ ಬಚ್ಚಿಟ್ಟಿದ್ದೆ. ಟೆಸ್ಟಿನ ದಿನ, ನಂಬಬಹುದಾದದ್ದು ಅದೊಂದೇ ಎಂದು, ಕಾರು ಹತ್ತಿದವಳೇ ಅದನ್ನು ಹಾಕಿಕೊಂಡು ಹಿಂದೆ ತಿರುಗಿದೆ. ಡ್ರಮ್‌ಗಳು ಜಾರಿದವು, ಈ ಸಲ ಇನ್ನೊಂದು ದಿಕ್ಕಿಗೆ! ಗಾಬರಿಯಲ್ಲಿ ಹೊಸತನ್ನು ಏರಿಸಿದೆ. ಡ್ರಮ್‌ಗಳು ನಿಂತಲ್ಲೇ ನಿಂತಿದ್ದವು. ಯಾವತ್ತಿನಿಂದ ಹಾಗೆ ನಿಂತಿದ್ದವೋ, ನಾನು ಗಮನಿಸಿಯೇ ಇರಲಿಲ್ಲ.

"ಖಲಾಸ್?" ಮುಗಿಯಿತಾ ಎಂದ, ಹೊರಗೆ ನಿಂತು ನನ್ನ ಕನ್ನಡಕದಾಟ ನೋಡುತ್ತಿದ್ದ ಟೆಸ್ಟಿನ ಪೊಲೀಸ್.

"ಖಲಾಸ್," ಎಂದು ರಿವರ್ಸ್ ಗೇರ್ ಹಾಕಿದೆ. ಒಂದೂ ತಾಗಲಿಲ್ಲ. ಆಮೇಲೆ ರಸ್ತೆಯ ಪರೀಕ್ಷೆಯೂ ಆಯಿತು.

ಲೈಸೆನ್ಸ್ ಕೈಗೆ ಬಂದ ದಿನ ನಾನೇ ಕಾರು ಓಡಿಸಿಕೊಂಡು ಕನ್ನಡಕದ ಅಂಗಡಿಗೆ ಹೋದೆ. ಹುಡುಗಿಗೆ ಲೈಸೆನ್ಸ್ ತೋರಿಸಿದೆ. ಮತ್ತೆ ಕನ್ನಡಕ ತೆಗೆದು ಅವಳ ಮುಂದಿಟ್ಟೆ.

"ಯಾವುದಕ್ಕೂ ಪವರ್ ಇನ್ನೊಮ್ಮೆ ನೋಡಿ."