ಒಂದು ಪರಾತ ಮಣೂಕದ ಸಂದರ್ಶನ

ಬಸ್ಸು ತಪ್ಪಬಹುದಿತ್ತು. ಬಸ್ಸು ಸಿಕ್ಕು, ಅದರಲ್ಲಿ ನನ್ನ ಹಳೆಯ ಡೀಲರನೊಬ್ಬ ಕೂತಿದ್ದು, ‘ಸಾಹೇಬ್ರ, ಕಾರ್ ಎಲ್ಲೈತ್ರಿ?’ ಎಂದು ಬಸ್ಸಿಗೆಲ್ಲ ಕೇಳುವಂತೆ ಕೂಗಬಹುದಿತ್ತು. ಇಸ್ತ್ರಿ ಮಾಡಿದ ಅಂಗಿ ಬೆವರಿ ಬೆನ್ನಿಗಂಟಬಹುದಿತ್ತು. ಬಬಲೇಶ್ವರದಲ್ಲಿ ಸಂದರ್ಶನಕ್ಕೆ ನನ್ನ ದಾರಿ ಕಾಯುತ್ತಿದ್ದ ಮಾಲೀಕರು, ನಾನು ಮಾರಿದ ಪೈಪು ಒಡೆದು ನನ್ನನ್ನು ಶಪಿಸಿದ ರೈತರಲ್ಲೇ ಒಬ್ಬರಾಗಿರಬಹುದಿತ್ತು. ಕಂಪನಿ ನಿಮ್ಮನ್ನು ಯಾಕೆ ಬಿಟ್ಟಿತು ಎಂದು ಅವರು ಕೇಳಬಹುದಿತ್ತು; ನಾನು ಸುಳ್ಳು ಹೇಳಿ ಸಿಕ್ಕಿಬೀಳಬಹುದಿತ್ತು, ನಿಜ ಹೇಳಿ ಇನ್ನೂ ಕೆಟ್ಟದಾಗಿ ಸಿಕ್ಕಿಬೀಳಬಹುದಿತ್ತು. ಎದೆ ಹಿಡಿದುಕೊಳ್ಳಬಹುದಿತ್ತು, ಅದು ಬರೀ ಗ್ಯಾಸು ಎಂದು ಆಮೇಲೆ ಗೊತ್ತಾಗಿ ಮಾನ ಹೋಗಬಹುದಿತ್ತು. ಇದೆಲ್ಲಕ್ಕಿಂತ ಭಯಂಕರವಾದದ್ದೆಂದರೆ, ಕೆಲಸ ಸಿಕ್ಕೇಬಿಡಬಹುದಿತ್ತು. ಸಿಕ್ಕರೆ ಮಾಡಬೇಕಲ್ಲ!

ಇಪ್ಪತ್ತೆರಡು ವರ್ಷ ನಾನು ಹನಿ ನೀರಾವರಿ ಪೈಪಿನ ಕಂಪನಿಯೊಂದರಲ್ಲಿದ್ದೆ. ಕೊನೆಕೊನೆಗೆ ನಾಲ್ಕು ಜಿಲ್ಲೆಗಳ ಮಾರಾಟ ನನ್ನ ಕೈಯಲ್ಲಿತ್ತು. ಆ ಕಂಪನಿಯನ್ನು ಇನ್ನೊಂದು ಕಂಪನಿ ಕೊಂಡುಕೊಂಡಿತು. ಕೊಂಡವರ ಬಳಿ ಅದೇ ನಾಲ್ಕು ಜಿಲ್ಲೆಗೆ ಆಗಲೇ ಒಬ್ಬ ಮ್ಯಾನೇಜರ್ ಇದ್ದ, ನನಗಿಂತ ಹದಿನೈದು ವರ್ಷ ಚಿಕ್ಕವನು. ಕಾರು, ಲ್ಯಾಪ್‌ಟಾಪು, ಫೋನು ವಾಪಸು ಕೊಟ್ಟು ನಾನು ಜೋರಾಪುರ ಪೇಟೆಯ ಮನೆಗೆ ಆಟೋದಲ್ಲಿ ಬಂದೆ. ನನಗೆ ಆಗ ನಲವತ್ತೊಂಬತ್ತು.

ಮೊದಲ ತಿಂಗಳು ಎಲ್ಲರೂ ಫೋನ್ ಎತ್ತಿದರು. ಮೂರನೆಯ ತಿಂಗಳಿಗೆ ಎತ್ತುವವರು ಕಡಿಮೆಯಾದರು. ಆಗ ಹೆಂಡತಿ ಹಠ ಹಿಡಿದು, ನನ್ನಂಥ ಹಿರಿಯ ಹುದ್ದೆಯ ನಿರುದ್ಯೋಗಿಗಳಿಗೆ ಸಲಹೆ ಕೊಡುವ ಒಬ್ಬರ ಜೊತೆ ಮಾತಾಡಿಸಿದಳು. ವಿಡಿಯೋದಲ್ಲಿ ಕಂಡ ಆ ಹೆಣ್ಣುಮಗಳು ನನ್ನ ಆರು ಪುಟದ ಬಯೋಡಾಟಾವನ್ನು ಎರಡಕ್ಕೆ ಇಳಿಸಿದರು. ‘ಕೆಲಸ ಹೋಗಿದೆ ಅನ್ನಬೇಡಿ, ಹೊಸ ಕ್ಷೇತ್ರ ನೋಡ್ತಿದ್ದೇನೆ ಅನ್ನಿ’ ಎಂದರು. ನಿಮ್ಮ ದೊಡ್ಡ ಶಕ್ತಿ ಯಾವುದು ಎಂದು ಕೇಳಿದರು. ನಾನು ಎಷ್ಟು ಹೊತ್ತು ಸುಮ್ಮನಿದ್ದೆನೆಂದರೆ, ನೆಟ್‌ವರ್ಕ್ ಹೋಯಿತೆಂದು ಅವರು ಫೋನಿಟ್ಟರು. ಅವರು ಹೇಳಿದ್ದೆಲ್ಲ ಸರಿಯಾಗಿಯೇ ಇತ್ತು. ಒಂದೇ ತೊಂದರೆ, ಅದನ್ನು ಹೇಳಬೇಕಾದ ಬಾಯಿ ನನ್ನದಾಗಿತ್ತು.

ಏಳು ತಿಂಗಳಲ್ಲಿ ನನ್ನ ಹುದ್ದೆಗೆ ತಕ್ಕಂತೆ ಬಂದ ಕರೆ ಇದೊಂದೇ. ಟಿಕೋಟಾದ ಹತ್ತಿರ ಒಣದ್ರಾಕ್ಷಿ ಆರಿಸಿ, ಪ್ಯಾಕ್ ಮಾಡಿ ಕಳಿಸುವ ಘಟಕಕ್ಕೆ ಮ್ಯಾನೇಜರ್ ಬೇಕಾಗಿದ್ದರು. ಇದು ಕೈಬಿಟ್ಟರೆ ಪುಣೆಯಲ್ಲಿ ನನ್ನ ಅರ್ಧ ವಯಸ್ಸಿನ ಹುಡುಗರ ಜೊತೆ ಒಂದು ಕೋಣೆಯಲ್ಲಿದ್ದುಕೊಂಡು, ನನ್ನ ಕೈಕೆಳಗಿನವರ ಕೈಕೆಳಗಿನವರು ಮಾಡುತ್ತಿದ್ದ ಕೆಲಸ ಮಾಡಬೇಕಿತ್ತು. ಅದಕ್ಕೆ ಹೂಂ ಅನ್ನಲು ಆ ವಾರದ ಕೊನೆಯವರೆಗೆ ಮಾತ್ರ ಸಮಯವಿತ್ತು.

ಹೊರಡುವಾಗ ಹೆಂಡತಿ ನನ್ನ ಮುಖ ನೋಡಿದಳು. “ಕೆಲಸ ಕೇಳಾಕ ಹೊಂಟೀರಿ, ಜಾಮೀನ ಕೇಳಾಕ ಅಲ್ಲ. ಮಾರಿ ಜರಾ ನೆಟ್ಟಗ ಮಾಡ್ರಿ.”

“ಇದ ನನ್ನ ನೆಟ್ಟಗಿನ ಮಾರಿ,” ಅಂದೆ.

ಬಬಲೇಶ್ವರದಲ್ಲಿ ಅಂದು ಸಂತೆ. ಘಟಕದ ಮಾಲೀಕರು ತಮ್ಮದೇ ಗೊಬ್ಬರದ ಅಂಗಡಿಯ ಮುಂದೆ ಜೀಪಿನಲ್ಲಿ ಕೂತಿದ್ದರು. ನಾನು ಫೈಲು ಚಾಚಿದೆ. “ಅದು ನಿಮ್ಮ ಹಂತ್ಯಾಕ ಇರ್ಲಿ. ಹತ್ರಿ,” ಎಂದರು. ಜೀಪು ಟಿಕೋಟಾದ ಕಡೆ ತಿರುಗಿತು. ಮೊದಲ ಪ್ರಶ್ನೆ ನನ್ನ ಅನುಭವದ ಬಗ್ಗೆ ಬರುತ್ತದೆಂದು ಉತ್ತರ ಬಾಯಿಪಾಠ ಮಾಡಿಕೊಂಡಿದ್ದೆ.

“ಹೆಂಡ್ತಿ ತವರಮನಿ ಯಾವೂರು?”

“ಕನಮಡಿ ರೀ.”

“ಕನಮಡ್ಯಾಗ ಯಾರ ಪೈಕಿ?”

ಹೇಳಿದೆ. ಅವರು ಒಂದು ಕೈಯಲ್ಲಿ ಸ್ಟೇರಿಂಗ್ ಹಿಡಿದು, ಇನ್ನೊಂದರಲ್ಲಿ ಫೋನ್ ಒತ್ತಿ, ಸ್ಪೀಕರ್ ಹಾಕಿದರು. “ಮಾಮಾ, ನಿಮ್ಮೂರ ಅಳಿಯಾ ಒಬ್ಬಾಂವ ನನ್ನ ಬಾಜೂಕ ಕುಂತಾನ. ಮನುಷ್ಯಾ ಹೆಂಗ?”

ಯಾರ ಅಳಿಯ ಎಂದು ಕೇಳಿಕೊಂಡ ಆ ಧ್ವನಿ ಒಂದು ಕ್ಷಣವೂ ತಡಮಾಡಲಿಲ್ಲ. “ಅಂವೇನು? ಸ್ವಭಾವ ಚಲೋ. ಆದ್ರ ಅಂಜಬುರುಕ. ಮದಿವ್ಯಾಗ ಹಾರ ಹಾಕೂ ಮುಂದ ಕೈ ಹೆಂಗ ನಡಗಾಕತ್ತಿದ್ವಂದ್ರ, ಅರ್ಧಾ ಹೂವು ನೆಲದ ಮ್ಯಾಲೇ ಬಿದ್ದಿದ್ವು!”

ಮಾಲೀಕರು ಜೀಪು ಅಲುಗುವಂತೆ ನಕ್ಕರು. ನಾನೂ ನಕ್ಕೆ, ಪುಣೆಯ ಕೋಣೆಯಲ್ಲಿ ನನ್ನ ಹಾಸಿಗೆ ಯಾವ ಮೂಲೆಗೆ ಬರಬಹುದು ಎಂದು ಯೋಚಿಸುತ್ತ.

ಘಟಕದ ಒಳಗೆ ಉದ್ದನೆಯ ತಗಡಿನ ಶೆಡ್ಡು. ನಲವತ್ತು ಹೆಣ್ಣುಮಕ್ಕಳು ಸಾಲಾಗಿ ನೆಲದ ಮೇಲೆ ಕೂತು ಮಣೂಕ ಆರಿಸುತ್ತಿದ್ದರು. ಒಣದ್ರಾಕ್ಷಿಗೆ ನಮ್ಮ ಕಡೆ ಮಣೂಕ ಎನ್ನುತ್ತಾರೆ. ಸಾಲಿನ ತುದಿಯಲ್ಲಿ ಎಲ್ಲರೂ ಆಯಿ ಎನ್ನುವ, ಅರವತ್ತು ದಾಟಿದ ಮುದುಕಿ.

“ನಮ್ಮಲ್ಲಿ ಮ್ಯಾನೇಜರ್ ಆಗಾಂವ ಮದಲ ಇವರ ಸಾಲಿನ್ಯಾಗ ಒಂದ ತಾಸ ಕೂಡಬೇಕು,” ಎಂದರು ಮಾಲೀಕರು. “ಹಿಂದ ಬಂದಾಂವ ಒಬ್ಬ ಫೋನ್ ನೋಡ್ಕೋತ ಆರಿಸಿದ. ಇನ್ನೊಬ್ಬ ‘ಇದು ನನ್ನ ಕೆಲಸ ಅಲ್ಲ’ ಅಂತ ಎದ್ದ ಹ್ವಾದ.”

“ಪಾಸು ಮಾಡೂದು ಯಾರ್ರೀ?”

“ಆಯಿ. ನನಗೇನ ತಿಳೀತೈತಿ?”

ಬೂಟು ಬಿಚ್ಚಿ, ತಲೆಗೆ ಬಲೆಯ ಟೊಪ್ಪಿಗೆ ಹಾಕಿಕೊಂಡು, ಚಕ್ಕಳಮಕ್ಕಳ ಹಾಕಿ ಕೂತೆ. ಮುಂದೆ ಒಂದು ಪರಾತ, ಅಂದರೆ ಅಗಲವಾದ ತಟ್ಟೆಯ ತುಂಬ ಮಣೂಕ. ಅದರೊಳಗೇ ಒಳ್ಳೆಯದು ಒಂದು ಕಡೆ. ತೊಟ್ಟು, ಹಳ್ಳು ಎನ್ನುವ ಸಣ್ಣ ಕಲ್ಲು, ಕಪ್ಪಾದ ಕಾಳು ಇನ್ನೊಂದು ಕಡೆ. ಪ್ರತಿ ಕಾಳನ್ನೂ ಬೆಳಕಿಗೆ ಹಿಡಿದೆ, ತಿರುಗಿಸಿದೆ, ಮೂಸಿದೆ. ಪ್ರತಿ ಕಾಳೂ ನನ್ನ ಮೇಲೆ ಏನೋ ಸಂಚು ಮಾಡಿದಂತೆ ಕಂಡಿತು.

“ಸಾಹೇಬ್ರ, ಕನ್ಯಾ ನೋಡಾಕ ಬಂದೀರೇನ್ರಿ?” ಪಕ್ಕದವಳು ಕೇಳಿದಳು. “ಇಷ್ಟ ನೋಡಿದ್ರ ಆ ಮಣೂಕ ನಾಚಿ ಮತ್ತ ಹಸಿ ದ್ರಾಕ್ಷಿ ಆದೀತು!”

ಸಾಲಿಗೆ ಸಾಲೇ ನಕ್ಕಿತು. ನನ್ನ ಬೆವರು ಮಾಲಿನೊಳಗೆ ಬಿದ್ದೀತೆಂಬ ಹೊಸ ಹೆದರಿಕೆ ಹುಟ್ಟಿ, ಕತ್ತನ್ನು ಹಿಂದಕ್ಕೆಳೆದುಕೊಂಡು ಆರಿಸತೊಡಗಿದೆ.

ತಾಸಿನ ನಂತರ ಆಯಿ ಬಂದು ನನ್ನೆದುರು ಕೂತಳು. ನಾನು ಕೆಟ್ಟದ್ದೆಂದು ಒಗೆದ ರಾಶಿಯೊಳಗೆ ಕೈಯಾಡಿಸಿದಳು. “ಇಷ್ಟ ಚಲೋ ಕಾಳು ಯಾಕ ಒಗದೀರೊ ಯಪ್ಪಾ?”

“ಸಂಶೆ ಬಂತ್ರಿ ಆಯಿ.”

“ಯಾದರ ಮ್ಯಾಲ?”

“ಎಲ್ಲಾದರ ಮ್ಯಾಲೂ ಬರ್ತೈತ್ರಿ.”

ಈ ಸಲ ಯಾರೂ ನಗಲಿಲ್ಲ. ಆಯಿ ಒಳ್ಳೆಯ ರಾಶಿಯನ್ನು ಹರವಿ, ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು ನೋಡಿದಳು. ಹಿಂದೆ ಮಾಲೀಕರು ಕೈಕಟ್ಟಿ ನಿಂತಿದ್ದರು.

“ಸಾವಕಾರ್ರ, ಇವ್ರು ಒಗಿಯೂದು ಬಾಳ. ಲುಕ್ಸಾನ ಮಾಡತಾರ.” ನಾನು ತಲೆಯ ಟೊಪ್ಪಿಗೆ ತೆಗೆಯಲು ಕೈ ಎತ್ತಿದೆ. “ಆದ್ರ ಚಲೋದರಾಗ ಒಂದ ಹಳ್ಳಿಲ್ಲ, ಒಂದ ತೊಟ್ಟಿಲ್ಲ. ಒಗಿಯೂದು ಕಮ್ಮಿ ಮಾಡಾಕ ನಾ ಕಲಸ್ತೇನಿ. ಅಂಜಿಕಿ ಕಲಸಾಕ ಬರೂದಿಲ್ಲ. ಇರ್ಲಿ, ಇಟ್ಕೋರಿ.”

“ಹೋದ ಸಲ ಹೊರದೇಶಕ್ಕ ಹ್ವಾದ ಮಾಲು ಒಂದ ಹಳ್ಳಿನ ಸಲುವಾಗಿ ತಿರುಗಿ ಬಂತು,” ಮಾಲೀಕರು ನನಗೆ ಹೇಳಿದರು. “ಧೈರ್ಯವಂತ ಮ್ಯಾನೇಜರ್‌ಗೋಳು ನನಗ ಸಾಕಾಗ್ಯಾರ. ಸೋಮವಾರ ಬರ್ರಿ.”

ಜೀವನದಲ್ಲಿ ಮೊದಲ ಬಾರಿಗೆ ಯಾರೋ ನನ್ನ ಹೆದರಿಕೆಗೆ ಕುರ್ಚಿ ಹಾಕಿ ಕೂರಿಸಿದ್ದರು. ಅದರಿಂದ ಹೆದರಿಕೆ ಕಡಿಮೆಯಾಯಿತೆಂದು ತಿಳಿಯಬೇಡಿ. ನಾಲ್ಕು ಜಿಲ್ಲೆ ಹೋಗಿ ನಲವತ್ತು ಹೆಣ್ಣುಮಕ್ಕಳು ಬಂದಿದ್ದರು. ಇವರು ಹೇಳಿದ್ದಕ್ಕೆಲ್ಲ ‘ಎಸ್ ಸರ್’ ಅನ್ನುವವರಲ್ಲ. ಆದರೂ ಪುಣೆ ತಪ್ಪಿತು ಎಂಬುದೊಂದು ಎದೆಯಲ್ಲಿ ಬೆಚ್ಚಗೆ ಹರಡಿತು. ಆಯಿಗೆ ಕೈಮುಗಿಯೋಣವೆಂದು ಎದ್ದೆ.

ಎದ್ದೆ ಎಂದುಕೊಂಡೆ, ಅಷ್ಟೇ. ಒಂದು ತಾಸು ಮಡಚಿಟ್ಟ ಬಲಗಾಲು ಜೋಮು ಹಿಡಿದು ಯಾವಾಗಲೋ ನನ್ನನ್ನು ಬಿಟ್ಟು ಹೋಗಿತ್ತು. ವಾಲಿದೆ, ಮೊಣಕಾಲು ಪರಾತದ ಅಂಚಿನ ಮೇಲೆ ಬಿತ್ತು. ಅದು ಒಂದು ಸಲ ಎದ್ದು ಕುಣಿದು ಕೆಳಗಿಳಿಯುವ ಹೊತ್ತಿಗೆ ಒಳ್ಳೆಯದು, ಕೆಟ್ಟದು, ತೊಟ್ಟು, ಹಳ್ಳು ಎಲ್ಲ ಒಂದಾಗಿದ್ದವು.

ಆಯಿ ಪರಾತವನ್ನು ಮೆಲ್ಲಗೆ ನನ್ನ ಮುಂದಕ್ಕೆ ಸರಿಸಿದಳು.

“ಕೂಡ್ರಿ ಮ್ಯಾನೇಜರ್ ಸಾಹೇಬ್ರ. ಈ ಸಲ ಕಾಲ ಚಾಚ್ಕೊಂಡ ಕೂಡ್ರಿ.”